ಮೂವತ್ತೊಂದನೇ ಗೂಟದ ಮುಖ

ಬಡಗಿಗೆ ಕೋಪ ಮೂಗಿನ ತುದಿಯಲ್ಲೇ ಎಂದು ಊರವರು ಹೇಳುತ್ತಿದ್ದುದು ಪೂರ್ತಿ ನಿಜವಲ್ಲ. ಮೂಗಿನ ತುದಿಯಲ್ಲಿ ಒಂದು ಗಳಿಗೆ ಕೂತುಕೊಳ್ಳುವಷ್ಟು ತಾಳ್ಮೆಯೂ ಅವನ ಕೋಪಕ್ಕೆ ಇರಲಿಲ್ಲ. ಮಾಡಿಕೊಟ್ಟ ಬಾಗಿಲು ಸರಿಯಾಗಿ ಮುಚ್ಚುತ್ತಿಲ್ಲ ಎಂದು ಯಾರಾದರೂ ಬಂದರೆ, ಬಾಗಿಲು ಸರಿ ಇದೆ, ನಿಮ್ಮ ಗೋಡೆ ಸೊಟ್ಟ ಎಂದು ಅಂಗಳದಿಂದಲೇ ವಾಪಸು ಅಟ್ಟುತ್ತಿದ್ದ. ಹೆಚ್ಚಿನ ಸಲ ಗೋಡೆಯೇ ಸೊಟ್ಟಗಿರುತ್ತಿತ್ತು, ಅದು ಬೇರೆ ಮಾತು.

ಅವನನ್ನು ಅಡಗಿಸುವ ಗಂಟಲು ಊರಿಗೆ ಒಂದೇ ಇತ್ತು. ಅದು ಅವನ ಹೆಂಡತಿಯದು. ಸಂತೆಯಲ್ಲಿ ತರಕಾರಿ ಮಾರುವ ಅವಳನ್ನು ಜನ ಕಹಳೆ ಎಂದು ಕರೆಯುತ್ತಿದ್ದರು. ಅವಳು ಒಮ್ಮೆ ಈರುಳ್ಳಿ ಎಂದು ಕೂಗಿದರೆ ಹೊಳೆಯಾಚೆಗಿನ ಮನೆಗಳಲ್ಲಿ ಚೀಲ ಹುಡುಕುತ್ತಿದ್ದರು. ಗಂಡ ಕೂಗಾಡಿದಾಗ ಅವಳು ಒಳಗಿನಿಂದ 'ಏನ್ರೀ' ಅಂದರೆ ಸಾಕು, ಬಡಗಿಯ ಕೋಪ ಬಾಲ ಮುದುರಿಕೊಳ್ಳುತ್ತಿತ್ತು.

ಆ ದನಿ ಒಡೆಯತೊಡಗಿದಾಗ ಬಡಗಿ ನಕ್ಕಿದ್ದ. ಅಂತೂ ಮನೆಗೆ ಶಾಂತಿ ಬಂತು ಎಂದು ನೆರೆಯವರ ಮುಂದೆ ತಮಾಷೆಯನ್ನೂ ಮಾಡಿದ್ದ. ಆ ನಗುವನ್ನು ನೆನೆದಾಗೆಲ್ಲ ಈಗ ಅವನಿಗೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ. ಔಷಧಿ ಅಂಗಡಿಯವನು ಎಂಟು ತಿಂಗಳು ಕೆಮ್ಮಿನ ಸಿರಪ್ಪು ಕೊಟ್ಟ. ಊರಿನ ಆರೋಗ್ಯ ಕೇಂದ್ರಕ್ಕೆ ವಾರಕ್ಕೊಮ್ಮೆ ಬರುವ ಡಾಕ್ಟರು ಬಾಯಿ ತೆರೆಸಿ ಟಾರ್ಚು ಬಿಟ್ಟು ನೋಡಿದರು. ಟಾರ್ಚಿನ ಬೆಳಕು ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿಯವರೆಗೆ ಎಲ್ಲ ಸರಿಯಾಗಿಯೇ ಇತ್ತು. ಅದಕ್ಕಿಂತ ಒಳಗೆ ನೋಡಬಲ್ಲವರು ಬೇಕಿದ್ದರೆ ಎರಡು ಬಸ್ಸು ಬದಲಿಸಿ ಆರು ಗಂಟೆ ಹೋಗಬೇಕಿತ್ತು. ಶೀತಕ್ಕೆಂದು ಆರು ಗಂಟೆ ಹೋಗುವವರು ಯಾರು?

ಕೊನೆಗೆ ರೋಗದ ಜಾಡು ಹಿಡಿದವಳು ಆ ಕೇಂದ್ರದ ನರ್ಸಮ್ಮ. ಸಂತೆಗೆ ಬದನೆಕಾಯಿ ಕೊಳ್ಳಲು ಬಂದವಳು, ಕಹಳೆ ಬೆಲೆಯನ್ನು ಬೆರಳಿನಲ್ಲಿ ಎಣಿಸಿ ತೋರಿಸುವುದನ್ನು ಕಂಡಳು. ಚೀಲವನ್ನು ಅಲ್ಲೇ ಇಟ್ಟು, "ಇದು ಶೀತ ಅಲ್ಲ ಅಕ್ಕ, ನಾಳೆನೇ ಹೊರಡಿ" ಎಂದು ಚೀಟಿ ಬರೆದುಕೊಟ್ಟಳು.

ದೊಡ್ಡ ಆಸ್ಪತ್ರೆಯಲ್ಲಿ ದಾರದಷ್ಟು ಸಣ್ಣ ಕೊಳವೆಯ ತುದಿಗೆ ದೀಪ ಕಟ್ಟಿ ಮೂಗಿನಿಂದ ಇಳಿಸಿ ನೋಡಿದರು. ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಧ್ವನಿಪೆಟ್ಟಿಗೆಯ ಮೇಲೆ ಗಂಟು, ಕ್ಯಾನ್ಸರಿನದು. ಇನ್ನೂ ಚಿಕ್ಕದು, ಕತ್ತರಿಸುವುದು ಬೇಡ, ಕಿರಣ ಕೊಟ್ಟರೆ ಹೋಗಬಹುದು, ದನಿಯೂ ಉಳಿಯಬಹುದು ಎಂದರು ಡಾಕ್ಟರು. ಆದರೆ ಏಳು ವಾರ, ವಾರಕ್ಕೆ ಐದು ದಿನ, ಒಟ್ಟು ಮೂವತ್ತೈದು ಸಲ. ನಡುವೆ ಬಿಡುವಂತಿಲ್ಲ. ನಾವು ಬಿಡುವು ತೆಗೆದುಕೊಂಡರೆ ಗಂಟು ತೆಗೆದುಕೊಳ್ಳುವುದಿಲ್ಲ, ಮತ್ತೆ ಬೆಳೆಯುತ್ತದೆ. ಅಲ್ಲಿಯವರೆಗೆ ಮಾತೂ ಕಡಿಮೆ ಇರಲಿ.

"ಮೂವತ್ತು ವರ್ಷ ಸಿಗರೇಟು ಸೇದಿದೋನು ನಾನು ಸ್ವಾಮಿ. ಇವಳಿಗ್ಯಾಕೆ ಬಂತು?" ಎಂದು ಬಡಗಿ ಜಗಳಕ್ಕೆ ನಿಂತವನ ಹಾಗೆ ಕೇಳಿದ.

"ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಮೂವತ್ತೈದು ದಿನ ತಪ್ಪಿಸದೆ ಕರ್ಕೊಂಡು ಬನ್ನಿ. ನಿಮ್ಮ ಕೈಲಿರೋದು ಅಷ್ಟೇ."

ಬಡಗಿ ಹೊರಗೆ ಬಂದು ಜೇಬಿನ ಸಿಗರೇಟು ಪೊಟ್ಟಣವನ್ನು ಆಸ್ಪತ್ರೆಯ ಕಸದ ಡಬ್ಬಿಗೆ ಎಸೆದ. ಹೆಂಡತಿ ಮಕ್ಕಳ ಅಂಗಡಿಯಲ್ಲಿ ಒಂದು ಸ್ಲೇಟು, ಬಳಪ ಕೊಂಡಳು. ಅದರಲ್ಲಿ ಅವಳು ಬರೆದ ಮೊದಲ ಮಾತು: 'ಇನ್ನು ನಿಮ್ಮದೇ ರಾಜ್ಯ ಅಂದ್ಕೋಬೇಡಿ.'

ಮಾರನೆಯ ವಾರ ಮುಖವಾಡ ಮಾಡುವ ದಿನ. ಕಿರಣ ಬೀಳುವಾಗ ರೋಗಿ ಒಂದು ಕೂದಲೆಳೆಯಷ್ಟೂ ಅಲ್ಲಾಡಬಾರದು, ಅದಕ್ಕೆ ಮುಖಕ್ಕೆ ಅಚ್ಚು ಹಾಕಿ ಹಲಗೆಗೆ ಬಿಗಿಯುತ್ತಾರೆ. ಕೂದಲೆಳೆ ಎಂಬ ಮಾತು ಕೇಳಿ ಬಡಗಿ ಮೂಗು ಮುರಿದ. ಇವರೆಲ್ಲ ಬಾಯಲ್ಲಿ ಕೂದಲೆಳೆ, ಕೈಯಲ್ಲಿ ಗೇಣು ಎಂಬುದು ಅವನ ಅನುಭವ. ನಾನೂ ಒಳಗೆ ಬರುತ್ತೇನೆ ಎಂದು ಹಟ ಹಿಡಿದ. ಅಲ್ಲಿನ ಕೆಲಸ ನೋಡಿಕೊಳ್ಳುತ್ತಿದ್ದ ಹೆಂಗಸಿಗೆ ನಲವತ್ತು ದಾಟಿತ್ತು, ಕನ್ನಡಕವನ್ನು ದಾರ ಕಟ್ಟಿ ಕುತ್ತಿಗೆಗೆ ಹಾಕಿಕೊಂಡಿದ್ದಳು, ಬೂಟಿನ ಸದ್ದೂ ಕೇಳದ ಹಾಗೆ ನಡೆಯುತ್ತಿದ್ದಳು. ಬಡಗಿ ಅವಳಿಗೆ ಯಂತ್ರದಮ್ಮ ಎಂದು ಹೆಸರಿಟ್ಟ. "ಬನ್ನಿ ಯಜಮಾನ್ರೇ, ಆದ್ರೆ ಉಸಿರು ಕೂಡ ಮೆಲ್ಲಗೆ ಬಿಡ್ಬೇಕು" ಎಂದು ಅವಳು ಬಿಟ್ಟುಕೊಂಡಳು.

ತೂತು ತೂತಿನ ಬಿಳಿ ಹಾಳೆಯೊಂದನ್ನು ಬಿಸಿನೀರಿನ ತೊಟ್ಟಿಗೆ ಹಾಕಿದರು. ಹಲಗೆಯ ಹಾಗೆ ಗಟ್ಟಿಯಿದ್ದುದು ಎರಡು ನಿಮಿಷದಲ್ಲಿ ಕಣಕದ ಹಾಗೆ ಮೆತ್ತಗಾಯಿತು. ಇಬ್ಬರು ಎರಡು ಕಡೆ ಹಿಡಿದು ಕಹಳೆಯ ಮುಖದ ಮೇಲೆ ಎಳೆದು ಭುಜದವರೆಗೆ ತಂದು ಕೊಂಡಿಗೆ ಸಿಕ್ಕಿಸಿದರು. ಯಂತ್ರದಮ್ಮ ಹತ್ತು ಬೆರಳಿನಲ್ಲಿ ಹುಬ್ಬು, ಮೂಗು, ಗದ್ದ ತೀಡಿದಳು. ಬಡಗಿ ಉಸಿರು ಬಿಡುವುದನ್ನೇ ಮರೆತ. ಇಪ್ಪತ್ತಾರು ವರ್ಷ ಬಾಳಿದ ಹೆಂಡತಿಯ ಮುಖ, ಎಡಗಡೆ ಒಂದಿಷ್ಟು ಮೇಲಿರುವ ಹುಬ್ಬು, ಸಿಟ್ಟು ಬಂದಾಗ ಮುಂದೆ ಬರುವ ಗದ್ದ, ಎಲ್ಲವೂ ಆ ಬಲೆಯಲ್ಲಿ ಮೂಡಿ ನಿಂತಿತು. ಮರದಲ್ಲಿ ಒಂದು ಮುಖ ತರಲು ಅವನ ಗುರುವಿಗೆ ಮೂರು ತಿಂಗಳು ಬೇಕಾಗುತ್ತಿತ್ತು, ಆದರೂ ಅದು ಯಾರ ಮುಖವೆಂದು ಹೇಳಿ ತಿಳಿಸಬೇಕಾಗುತ್ತಿತ್ತು.

ಆ ಅಚ್ಚುಗಳನ್ನೆಲ್ಲ ತೂಗುಹಾಕುವ ಕೋಣೆ ಪಕ್ಕದಲ್ಲಿತ್ತು. ಬಾಗಿಲು ತೆಗೆದಾಗ ಬಡಗಿಯ ಕಾಲು ಹೊಸ್ತಿಲಲ್ಲೇ ನಿಂತಿತು. ಮೂರು ಗೋಡೆಗೂ ಮರದ ಪಟ್ಟಿ, ಪಟ್ಟಿಗೆ ಗೂಟ, ಗೂಟಗೂಟಕ್ಕೂ ಒಂದು ಬಿಳಿ ಮುಖ. ಕಣ್ಣಿಲ್ಲ, ಮಾತಿಲ್ಲ. ಮುದುಕರದು, ಹೆಂಗಸರದು, ಅಂಗೈಯಷ್ಟಿದ್ದ ಒಂದು ಮಗುವಿನದು. ಎಲ್ಲೆಲ್ಲಿಂದಲೋ ಬಸ್ಸು ಹತ್ತಿ ಬಂದ ಜನ ತಮ್ಮ ತಮ್ಮ ಮುಖಗಳನ್ನು ಇಲ್ಲಿ ಒಪ್ಪಿಸಿ ಹೋಗಿದ್ದರು. ಹೆಂಡತಿಯದನ್ನು ಮೂವತ್ತೊಂದನೇ ಗೂಟಕ್ಕೆ ಹಾಕಿದರು.

ಕೊನೆಯ ಮೂರು ಗೂಟಗಳ ಮುಖಕ್ಕೆ ಧೂಳು ಹಿಡಿದಿತ್ತು. ಇವರು ಯಾರು ಎಂದು ಬಡಗಿ ಕೇಳಿದ.

"ಅವರೂ ದೂರದೂರಿನವರೇ. ಶನಿವಾರ ಭಾನುವಾರ ಊರಿಗೆ ಹೋಗಿ ಬರ್ತೀವಿ ಅಂದ್ರು. ಬರ್ಲಿಲ್ಲ. ಕೊಯ್ಲೋ, ಮದುವೆನೋ, ಬಸ್ಸೋ, ಏನೋ. ತೆಗೆದು ಬಿಸಾಕೋಕೆ ಕೈ ಬರಲ್ಲ."

"ದಡ್ಡರು" ಎಂದ ಬಡಗಿ. "ಅರ್ಧ ಮಾಡಿದ ಕೆಲಸ ಕೆಡಿಸಿದ ಕೆಲಸ."

ಯಂತ್ರದಮ್ಮ ಕೋಣೆಯ ಬಾಗಿಲು ಎಳೆದುಕೊಂಡಳು.

ದಿನಾ ಹನ್ನೆರಡು ಗಂಟೆ ಪ್ರಯಾಣ ಆಗದ ಮಾತು. ಆಸ್ಪತ್ರೆಯ ವಸತಿಯಲ್ಲಿ ಜಾಗಕ್ಕೆ ಎರಡು ತಿಂಗಳ ಸರದಿ ಇತ್ತು. ಬಡಗಿಗೆ ಊರು ಹೊಸದಾದರೂ ಮರ ಹೊಸದಲ್ಲ. ಗರಗಸದ ಸದ್ದು ಹಿಡಿದು ನಡೆದು ಒಂದು ಸಾಮಿಲ್ಲು ಹುಡುಕಿದ. ಮಾಲೀಕನ ಮುಂದೆ ಒಂದು ಹಲಗೆ ಕೀಸಿ ತೋರಿಸಿದ. ಬೆಳಿಗ್ಗೆ ಎರಡು ತಾಸು ಕೆಲಸ, ಅದಕ್ಕೆ ಮಾಳಿಗೆಯ ಮೇಲಿನ ಕೋಣೆ ಎಂದು ಮಾತಾಯಿತು. ಕೋಣೆ ತುಂಬ ಹಸಿಮರದ ವಾಸನೆ. 'ನಮ್ಮ ಮನೆ ಥರಾನೇ ಇದೆ, ಹೊಟ್ಟು ಗುಡಿಸೋಳು ನಾನೇ' ಎಂದು ಹೆಂಡತಿ ಸ್ಲೇಟಿನಲ್ಲಿ ಬರೆದಳು.

ಕಿರಣದ ಕೋಣೆಯ ಬಾಗಿಲು ಒಂದು ಮೊಳ ದಪ್ಪ. ಅಷ್ಟು ಭಾರದ ಬಾಗಿಲು ಗುಂಡಿ ಒತ್ತಿದರೆ ಕಿರ್ರೆನ್ನದೆ ಹೋಗಿ ಚೌಕಟ್ಟಿನಲ್ಲಿ ಕೂರುತ್ತಿತ್ತು. ಬಡಗಿ ಉಗುರಿನಿಂದ ಸಂದು ಅಳೆದ. ಮೇಲೆ ಎಷ್ಟೋ ಕೆಳಗೂ ಅಷ್ಟೇ. ಜೀವಮಾನದಲ್ಲಿ ಮೊದಲ ಸಲ ಇನ್ನೊಬ್ಬರು ಹಾಕಿದ ಬಾಗಿಲಿಗೆ ತಲೆ ಬಾಗಿದ. ಆ ಬಾಗಿಲ ಹಿಂದೆ ಕಹಳೆ ಒಬ್ಬಳೇ ಮಲಗಿರುತ್ತಿದ್ದಳು. ಹೊರಗಿನ ಪರದೆಯಲ್ಲಿ ಕಾಣುತ್ತಿತ್ತು: ಹಲಗೆಗೆ ಬಿಗಿದ ಮುಖ, ಸುತ್ತಲೂ ನಿಧಾನಕ್ಕೆ ತಿರುಗುವ ಯಂತ್ರದ ದೊಡ್ಡ ತೋಳು. ಸಂತೆಯಲ್ಲಿ ಒಂದು ಗಳಿಗೆ ಕೂತಲ್ಲಿ ಕೂರದವಳು ಅಲ್ಲಿ ಕಾಲು ಗಂಟೆ ಕಲ್ಲಾಗುತ್ತಿದ್ದಳು. ಇಂಥವಳೊಬ್ಬಳು ತನ್ನ ಮನೆಯಲ್ಲೇ ಇದ್ದಳು ಎಂಬುದು ಅವನಿಗೆ ಗೊತ್ತೇ ಇರಲಿಲ್ಲ.

ಮೂರನೇ ವಾರಕ್ಕೆ ಕುತ್ತಿಗೆಯ ಚರ್ಮ ಕೆಂಪಾಯಿತು. ನೀರು ನುಂಗುವುದೂ ಕಷ್ಟವಾಯಿತು. ಅದನ್ನೆಲ್ಲ ಡಾಕ್ಟರು ಮೊದಲೇ ಹೇಳಿದ್ದರು. ಹೇಳದೆ ಇದ್ದದ್ದು ಬಲೆಯ ಗುರುತು. ದಿನಾ ಹೊರಗೆ ಬಂದಾಗ ಅವಳ ಮುಖದ ಮೇಲೆ ಜರಡಿಯ ಅಚ್ಚು ಇರುತ್ತಿತ್ತು. ಮೂಗಿನ ಮೇಲೆ, ಗದ್ದದ ಕೆಳಗೆ ಚರ್ಮ ತರಚಿತ್ತು. ಅವಳು ಸ್ಲೇಟಿನಲ್ಲಿ ಅದರ ಬಗ್ಗೆ ಒಂದಕ್ಷರ ಬರೆಯಲಿಲ್ಲ. ಅದೇ ಬಡಗಿಯ ಹೊಟ್ಟೆಗೆ ಬೆಂಕಿ ಹಾಕಿದ್ದು. ಬೈದಿದ್ದರೆ ತಡೆದುಕೊಳ್ಳುತ್ತಿದ್ದ.

ಅಚ್ಚಿನ ಕೋಣೆಯ ಗೂಟಗಳು ಸಡಿಲವಾಗಿವೆ, ಯಾವ ಪುಣ್ಯಾತ್ಮ ಹೊಡೆದನೋ ಎಂದು ಅವನು ಮೊದಲ ದಿನದಿಂದ ಗೊಣಗುತ್ತಿದ್ದ. ಒಂದು ಶುಕ್ರವಾರ ಯಂತ್ರದಮ್ಮ, ಗೊಣಗೋ ಬದಲು ಸರಿ ಮಾಡಿ ಕೊಡಬಾರದೇ ಎಂದಳು. ಹೆಂಡತಿಯ ಸರದಿ ಮುಗಿದ ಮೇಲೆ ಬಡಗಿ ಉಪಕರಣದ ಚೀಲ ತಂದು ಬೆಣೆ ಹೊಡೆದು ಗೂಟಗಳನ್ನು ಬಿಗಿ ಮಾಡುತ್ತ ಬಂದ. ಮೂವತ್ತೊಂದನೆಯದಕ್ಕೆ ಬಂದಾಗ ಹೆಂಡತಿಯ ಮುಖ ಕೈಯಲ್ಲಿತ್ತು. ಒಳಗೆ ಬೆರಳು ಆಡಿಸಿದ. ಮೂಗಿನ ಹತ್ತಿರ ಬಿಗಿ, ಗದ್ದದ ಹತ್ತಿರ ಬಿಗಿ. ಮಳೆಗಾಲದಲ್ಲಿ ಬಾಗಿಲು ಉಬ್ಬಿ ಚೌಕಟ್ಟಿಗೆ ಒತ್ತಿದರೆ ಬಡಗಿ ಏನು ಮಾಡುತ್ತಾನೆ? ಒತ್ತುವ ಕಡೆ ಒಂದಿಷ್ಟು ಕೀಸುತ್ತಾನೆ. ಮೂವತ್ತು ವರ್ಷದಿಂದ ಇದ್ದ ಉತ್ತರ ಕೈಗೆ ತಾನಾಗಿ ಬಂತು. ಚೀಲದಿಂದ ಉಜ್ಜುವ ಅರ ತೆಗೆದು ಮೂಗಿನ ಮೇಲಿನ ಎರಡು ಎಳೆ ಬಿಡಿಸಿದ, ಗದ್ದದ ಅಂಚನ್ನು ದಾರದ ದಪ್ಪಕ್ಕೆ ಉಜ್ಜಿದ, ಅಂಚನ್ನು ನುಣುಪು ಮಾಡಿ ಪುಡಿ ಊದಿದ. ಕೆಲಸ ಚೆನ್ನಾಗಿ ಬಂದಿತ್ತು. ಯಾರಿಗೂ ಹೇಳಲಿಲ್ಲ. ಒಳ್ಳೆಯ ಬಾಗಿಲು ತಾನಾಗಿಯೇ ಹೇಳಿಕೊಳ್ಳುತ್ತದೆ.

ಸೋಮವಾರ ಕಹಳೆ ಮಲಗಿದಳು. ಅಚ್ಚು ಹಾಕಿದಾಗ ಅವಳ ಕೈಬೆರಳು, ದಿನಾ ಮುಷ್ಟಿಯಾಗುತ್ತಿದ್ದುದು, ಬಿಚ್ಚಿಕೊಂಡೇ ಇದ್ದುದನ್ನು ಪರದೆಯಲ್ಲಿ ಕಂಡು ಬಡಗಿ ಒಳಗೊಳಗೇ ಹಿಗ್ಗಿದ. ಆದರೆ ತೋಳು ತಿರುಗಲಿಲ್ಲ. ಕಿರಣ ಬಿಡುವ ಮೊದಲು ಒಂದು ಚಿತ್ರ ತೆಗೆದು ಹಳೆಯದರ ಮೇಲಿಟ್ಟು ನೋಡುವುದು ಅಲ್ಲಿನ ಕ್ರಮ. ಯಂತ್ರದಮ್ಮ ಇನ್ನೊಂದು ಚಿತ್ರ ತೆಗೆದಳು, ಮತ್ತೊಂದು ತೆಗೆದಳು. ಒಳಗೆ ಹೋಗಿ ಅಚ್ಚು ಬಿಚ್ಚಿ ಬೆಳಕಿಗೆ ಹಿಡಿದಳು. ಹೊರಗೆ ಬಂದಾಗ ಅವಳ ಮುಖ ಬಿಳುಚಿಕೊಂಡಿತ್ತು.

"ಇದನ್ನ ಯಾರು ಮುಟ್ಟಿದ್ದು?"

"ನಾನೇ" ಎಂದ ಬಡಗಿ ಎದೆಯುಬ್ಬಿಸಿ. ಅಷ್ಟಕ್ಕೇ ನಿಲ್ಲಲಿಲ್ಲ. ದಿನಾ ಆ ಹೆಂಗಸಿನ ಮುಖ ತರಚುವುದು ನಿಮ್ಮ ಕಣ್ಣಿಗೆ ಬಿದ್ದಿಲ್ಲವೇ, ಇಷ್ಟು ದೊಡ್ಡ ಯಂತ್ರ ಇಟ್ಟುಕೊಂಡು ಒಂದು ಅಚ್ಚು ಸರಿಯಾಗಿ ಕೂರಿಸಲು ಬರುವುದಿಲ್ಲವೇ, ನಮ್ಮಂಥ ಹಳ್ಳಿಯವರು ಬಂದರೆ ಹೇಗೋ ನಡೆಯುತ್ತದೆ ಎಂದೇ ಎಂದು ಇಡೀ ಓಣಿಗೆ ಕೇಳುವ ಹಾಗೆ ಕೂಗಾಡಿದ. ಬೆಂಚಿನ ಮೇಲೆ ಸರದಿಗೆ ಕೂತವರು ತಲೆ ತಗ್ಗಿಸಿದರು.

ಯಂತ್ರದಮ್ಮ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಅವನನ್ನು ಪರದೆಯ ಮುಂದೆ ಕೂರಿಸಿದಳು. ಎರಡು ಚಿತ್ರ, ಒಂದರ ಮೇಲೊಂದು. ಮೂಳೆಯ ನೆರಳು ಜೋಡಿ ಜೋಡಿಯಾಗಿ ಕಾಣುತ್ತಿತ್ತು, ಕಳ್ಳುಕುಡುಕನಿಗೆ ಕಂಡ ಹಾಗೆ.

"ಗದ್ದ ಇಳಿದಿದೆ. ಅದರ ಜೊತೆ ಗಂಟೂ ಇಳಿದಿದೆ, ಇಷ್ಟೇ ಇಷ್ಟು, ನಾಲ್ಕು ಅಕ್ಕಿಕಾಳು ದಪ್ಪ. ಹಿಂದುಗಡೆ ಇದು ಬೆನ್ನುಹುರಿ. ಅಕ್ಕನ ಮುಖ ತರಚೋದು ನಂಗೆ ಕಾಣುತ್ತೆ ಯಜಮಾನ್ರೇ. ಆದ್ರೆ ಕಿರಣಕ್ಕೆ ಅಕ್ಕ ಗೊತ್ತಿಲ್ಲ, ಜಾಗ ಮಾತ್ರ ಗೊತ್ತು. ಇವತ್ತು ಕೊಟ್ಟಿದ್ರೆ ಗಂಟು ತಪ್ಪಿಸಿಕೊಳ್ತಿತ್ತು, ಒಳ್ಳೇದು ಸುಡ್ತಿತ್ತು."

ಹಾಗಾದರೆ ಇವತ್ತು ಎಂದು ಬಡಗಿ ಕೇಳಿದ. ಇವತ್ತಿಲ್ಲ ಎಂದಳು. ನಾಳೆ? ಹೊಸ ಅಚ್ಚು, ಹೊಸ ಸ್ಕ್ಯಾನು, ಹೊಸ ಲೆಕ್ಕ. ಸರದಿ ನೋಡಿದರೆ ಎಂಟು ದಿನ.

ಎಂಟು ದಿನ ಬಿಟ್ಟರೆ ಏನಾಗುತ್ತದೆ ಎಂದು ಕೇಳುವ ಧೈರ್ಯ ಅವನಿಗೆ ಬರಲಿಲ್ಲ. ಡಾಕ್ಟರು ಮೊದಲ ದಿನವೇ ಹೇಳಿದ್ದರಲ್ಲ. ಅವನ ಕಣ್ಣ ಮುಂದೆ ಧೂಳು ಹಿಡಿದ ಆ ಮೂರು ಮುಖಗಳು ಬಂದವು. ಅವರು ಬಸ್ಸಿಗೆ, ಕೊಯ್ಲಿಗೆ ಸೋತಿದ್ದರು. ತಾನು ಎಲ್ಲಿಗೂ ಹೋಗಿರಲಿಲ್ಲ, ಇಲ್ಲೇ ಇದ್ದುಕೊಂಡು, ಅರ ಹಿಡಿದು, ಹೆಂಡತಿಯ ಮುಖವನ್ನು ಅವುಗಳ ಪಕ್ಕಕ್ಕೆ ತೂಗುಹಾಕಿದ್ದ. ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಂದೀತೇ ಎಂದು ಅವನ ಅಜ್ಜಿ ನೂರು ಸಲ ಹೇಳಿದ್ದಳು. ಆ ಮಾತನ್ನು ಹೀಗೆ ಅಕ್ಷರಶಃ ಮಾಡಿ ತೋರಿಸಿದವನು ಊರಿನಲ್ಲಿ ತಾನೊಬ್ಬನೇ ಇರಬೇಕು.

ಹೊರಗೆ ಹೆಂಡತಿ ಬೆಂಚಿನ ಮೇಲೆ ಕೂತಿದ್ದಳು. ಅವನು ಎಲ್ಲವನ್ನೂ ಹೇಳಿದ, ಒಂದನ್ನೂ ಮುಚ್ಚಿಡದೆ. ಅವಳು ಬಳಪ ಹಿಡಿದಳು. ಬಡಗಿ ಬೈಗುಳಕ್ಕೆ ತಯಾರಾಗಿ ನಿಂತ. ಅವಳು ಬರೆದದ್ದು ಇಷ್ಟೇ: 'ನೋವು ಕಮ್ಮಿ ಇತ್ತು.' ಅದನ್ನು ಒರೆಸಿ ಮತ್ತೆ ಬರೆದಳು: 'ಹೋಗಿ ಕೇಳಿ. ಕೂಗಬೇಡಿ.'

ಅವನು ಹೋಗಿ ಕೇಳಿದ. ಕೂಗಲಿಲ್ಲ. ಕೂಗದೆ ಕೇಳುವುದು ಅವನಿಗೆ ಅಭ್ಯಾಸವಿಲ್ಲದ್ದರಿಂದ ದನಿ ಹೊರಡಲು ಒಂದಿಷ್ಟು ಹೊತ್ತಾಯಿತು. ತಪ್ಪು ನನ್ನದು, ಅವಳದಲ್ಲ. ಹೊರಗೆ ಹಾಕುವುದಿದ್ದರೆ ನನ್ನನ್ನು ಹಾಕಿ. ಅವಳ ದಿನ ಕಳೆಯಬೇಡಿ ಎಂದ. ಯಂತ್ರದಮ್ಮ ಅವನನ್ನೇ ನೋಡಿದಳು, ಗಡಿಯಾರ ನೋಡಿದಳು, ಫೋನು ಎತ್ತಿದಳು. ಆ ಮಧ್ಯಾಹ್ನ ಅವಳು ಊಟಕ್ಕೆ ಏಳಲಿಲ್ಲ. ಊಟದ ಹೊತ್ತಿಗೆ ಸ್ಕ್ಯಾನಿನ ಹಲಗೆ ಖಾಲಿ ಇರುತ್ತದೆಂದು ಅದೇ ಹೊತ್ತಿಗೆ ಹೊಸ ಹಾಳೆ ಬಿಸಿನೀರಿಗೆ ಬಿತ್ತು. ಈ ಸಲ ಅವಳು ಮೂಗಿನ ಹತ್ತಿರ ಬೆರಳು ಒಂದಿಷ್ಟು ಹೆಚ್ಚು ಹೊತ್ತು ಇಟ್ಟಳು, ಗದ್ದದ ಕೆಳಗೆ ತೆಳುವಾದ ಮೆತ್ತೆ ಕೂರಿಸಿದಳು. ಬಡಗಿ ನೋಡಿದ, ನೋಡದವನ ಹಾಗೆ ಮುಖ ತಿರುಗಿಸಿದ.

ಕಿರಣದ ಲೆಕ್ಕ ಹಾಕುವವರು ಒಬ್ಬ ಮೆಲುದನಿಯ ಮುದುಕರು, ಶಾಲೆಯ ಗಣಿತದ ಮೇಷ್ಟ್ರ ಹಾಗಿದ್ದರು. ಅವರ ಕೋಣೆಯಲ್ಲಿ ಮೂಲೆಯ ಸ್ಟೂಲಿನ ಮೇಲೆ ಬಡಗಿಯನ್ನು ಕೂರಿಸಿ, ಮುಟ್ಟುವಂತಿಲ್ಲ, ನೋಡಬಹುದು ಎಂದರು. ಪರದೆಯ ಮೇಲೆ ಕಹಳೆಯ ಕುತ್ತಿಗೆ ಹಲಗೆ ಹಲಗೆಯಾಗಿ ಬಿಚ್ಚಿಕೊಂಡಿತು. ಮರದ ದಿಮ್ಮಿಯನ್ನು ಕಾಗದದಷ್ಟು ತೆಳುವಾಗಿ ಸೀಳಿ ಒಂದೊಂದನ್ನೇ ಎತ್ತಿ ತೋರಿಸಿದ ಹಾಗೆ. ಅಂಥ ನೂರಾ ಇಪ್ಪತ್ತು ಸೀಳು. ಪ್ರತಿ ಸೀಳಿನಲ್ಲೂ ಮೇಷ್ಟ್ರು, ಪಕ್ಕದಲ್ಲಿ ಡಾಕ್ಟರು, ಗೆರೆ ಎಳೆದರು: ಇದು ಗಂಟು, ಇದು ಬೆನ್ನುಹುರಿ, ಇದು ಅನ್ನನಾಳ, ಇದು ಮುಟ್ಟಬಾರದ್ದು, ಇದು ಬಿಡಬಾರದ್ದು.

ಬಡಗಿ ಮೂವತ್ತು ವರ್ಷ ಮರ ಕೊಯ್ದಿದ್ದ. ಒಳಗೆ ಗಂಟು ಎಲ್ಲಿದೆ ಎಂಬುದು ಗರಗಸ ಅದಕ್ಕೆ ತಾಗಿದ ಮೇಲೆಯೇ ಗೊತ್ತಾಗುತ್ತಿತ್ತು. ಆ ಹೊತ್ತಿಗೆ ಹಲಗೆ ಹಾಳಾಗಿರುತ್ತಿತ್ತು. ಇವರು ಕೊಯ್ಯದೆ ನೋಡುತ್ತಿದ್ದರು. ನೋಡಿ, ಏಳು ದಿಕ್ಕಿನಿಂದ ಕಿರಣ ತಂದು, ಏಳೂ ಕೂಡುವ ಜಾಗದಲ್ಲಿ ಮಾತ್ರ ಗಂಟು ಇರುವಂತೆ ಹೊಂದಿಸುತ್ತಿದ್ದರು. ಒಂದು ಸಲ ಸರಿಬರದೆ ಅಳಿಸಿದರು. ಇನ್ನೊಂದು ಸಲ ಡಾಕ್ಟರು ಇಲ್ಲಿ ಒಂದು ಕಾಳಿನಷ್ಟು ಹೆಚ್ಚಾಯಿತು ಎಂದರು, ಮತ್ತೆ ಅಳಿಸಿದರು. ಯಾರೂ ಗೊಣಗಲಿಲ್ಲ. ಆರು ಗಂಟೆ ದೂರದ, ಇವರು ಎಂದೂ ನೋಡದ ಒಂದು ಸಂತೆಯ, ತರಕಾರಿ ಮಾರುವವಳ ಗಂಟಲು ಅದು. ಅರಮನೆಗೆ ಬಾಗಿಲು ಮಾಡಿದ್ದರೂ ತಾನು ಇಷ್ಟು ಸಲ ಅಳೆಯುತ್ತಿರಲಿಲ್ಲ ಎಂದು ಬಡಗಿಗೆ ಅನಿಸಿತು. ಯಾವಾಗಲೋ ಎದ್ದು ನಿಂತಿದ್ದ; ಕೂತುಕೊಳ್ಳಿ ಎಂದರೂ ಕೂರಲಾಗಲಿಲ್ಲ.

ಮಂಗಳವಾರವೆಲ್ಲ ಲೆಕ್ಕ ಪರೀಕ್ಷಿಸುವುದರಲ್ಲಿ ಹೋಯಿತು. ಬುಧವಾರ ತೋಳು ತಿರುಗಿತು. ಕಳೆದದ್ದು ಎರಡೇ ದಿನ. ಆ ಎರಡಕ್ಕೆ ಬದಲು ಎರಡು ಶನಿವಾರ ಯಂತ್ರದಮ್ಮ ರಜೆ ಬಿಟ್ಟು ಬಂದಳು. ಮೂವತ್ತೈದು ಎಣಿಕೆಗೆ ಒಂದೂ ಕಡಿಮೆಯಾಗದೆ ಏಳನೇ ವಾರ ಮುಗಿಯಿತು. ದನಿ ಉಳಿಯಿತೋ ಇಲ್ಲವೋ ಎಂಬುದಕ್ಕೆ ಇನ್ನೂ ಮೂರು ತಿಂಗಳು ಕಾಯಬೇಕು, ಸುಟ್ಟದ್ದು ಮಾಯಬೇಕು, ಅಲ್ಲಿಯವರೆಗೆ ಸ್ಲೇಟೇ ಇರಲಿ ಎಂದು ಡಾಕ್ಟರು ಕಳಿಸಿಕೊಟ್ಟರು.

ಆ ಮೂರು ತಿಂಗಳು ಬಡಗಿ ಯಾರೊಡನೆಯೂ ಜಗಳವಾಡಲಿಲ್ಲ. ಊರವರಿಗೆ ದಿಗಿಲಾಯಿತು. ಗೋಡೆ ಸೊಟ್ಟ ಎನ್ನದೆ, ಬಂದು ನೋಡುತ್ತೇನೆ ಎನ್ನುತ್ತಿದ್ದ. ಅವನಿಗೂ ಏನೋ ಕಾಯಿಲೆ ಎಂದು ಮಾತಾಯಿತು. ಬಿಡುವಿನಲ್ಲಿ ಒಳ್ಳೆಯ ಗಟ್ಟಿ ಮರ ಆರಿಸಿ ಉದ್ದನೆಯ ಪಟ್ಟಿ, ಅದಕ್ಕೆ ಗೂಟ ಕಡೆಯುತ್ತಿದ್ದ. ಗೂಟಗಳ ತುದಿಯನ್ನು ಅಚ್ಚಿಗೆ ಗೀರದ ಹಾಗೆ ದುಂಡಗೆ ಮಾಡಿದ. ಪ್ರತಿಯೊಂದನ್ನೂ ಮೂರು ಸಲ ಅಳೆದ.

ಪರೀಕ್ಷೆಯ ದಿನ ಪಟ್ಟಿಗಳನ್ನು ಬಸ್ಸಿನ ಮೇಲೆ ಕಟ್ಟಿಕೊಂಡು ಹೋದರು. ಹೆಂಡತಿಯನ್ನು ಡಾಕ್ಟರ ಕೋಣೆಗೆ ಕರೆದರು. ಜೊತೆಗೆ ಹೋಗಲು ಬಡಗಿಗೆ ಎದೆ ಸಾಲದೆ, ಅಚ್ಚಿನ ಕೋಣೆಗೆ ನುಗ್ಗಿ ಹಳೆಯ ಪಟ್ಟಿ ಕೀಳತೊಡಗಿದ. ಮುಖಗಳನ್ನು ಒಂದೊಂದಾಗಿ ಎರಡು ಕೈಯಲ್ಲಿ ಹಿಡಿದು ಮೇಜಿನ ಮೇಲೆ ಇಟ್ಟ. ಧೂಳು ಹಿಡಿದ ಮೂರನ್ನು ಒರೆಸಿದ. ಅವುಗಳ ಮೇಲೆ ಅಂಟಿಸಿದ ಚೀಟಿಯಲ್ಲಿ ಊರಿನ ಹೆಸರಿತ್ತು. ಒಂದು ಅವನು ದಾಟಿ ಬರುವ ದಾರಿಯದೇ. ಆ ಚೀಟಿಯನ್ನು ಓದಿಕೊಂಡು ನಿಂತ. ವಾಪಸು ಹೋಗುವಾಗ ಅಲ್ಲಿ ಇಳಿದು ಕೇಳಬೇಕು. ತಡವಾಗಿದೆಯೋ ಏನೋ. ಕೂಗದೆ ಕೇಳುವುದನ್ನಂತೂ ಕಲಿತಾಗಿತ್ತು.

ಯಂತ್ರದಮ್ಮ ಬಂದು ಹೊಸ ಗೂಟಗಳ ಮೇಲೆ ಬೆರಳಾಡಿಸಿದಳು. "ಅರ ತಂದಿದೀರಾ?" ಎಂದಳು.

"ತಂದಿದೀನಿ. ಮರಕ್ಕೆ ಮಾತ್ರ" ಎಂದ ಬಡಗಿ.

ಆಗ ಓಣಿಯ ಆ ತುದಿಯಿಂದ ಕೇಳಿತು.

"ಏನ್ರೀ!"

ಮೊದಲಿನ ದನಿಯಲ್ಲ ಅದು. ಒಂದು ಮಟ್ಟ ಕೆಳಗಿಳಿದಿತ್ತು, ಅಂಚಿನಲ್ಲಿ ತರಿ ಇತ್ತು, ಇನ್ನೂ ಕೀಸದ ಹಲಗೆಯ ಹಾಗೆ. ಆದರೆ ಓಣಿಯ ಉದ್ದಕ್ಕೂ ಹೋಗಿ, ಗೋಡೆಗೆ ತಾಗಿ, ವಾಪಸು ಬಂತು. ಬೆಂಚಿನ ಮೇಲಿನವರು ಕತ್ತೆತ್ತಿದರು. "ಏನ್ರೀ, ಎಲ್ಲಿ ಹೋಗಿ ಸೇರಿಕೊಂಡ್ರಿ? ಇನ್ನಾರು ತಿಂಗಳು ಬಿಟ್ಟು ಬಾ ಅಂದ್ರು. ಬಸ್ಸು ನಿಮಗೋಸ್ಕರ ಕಾಯಲ್ಲ!"

ಬಡಗಿ ಸುತ್ತಿಗೆ ಕೆಳಗಿಟ್ಟ. ತಿರುಗಿ ನೋಡಿದರೆ ಯಂತ್ರದಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟಿದ್ದಳು. ಕನ್ನಡಕ ದಾರಕ್ಕೆ ಜೋತಾಡುತ್ತಿತ್ತು.

"ಅದು ಅಕ್ಕನಾ?" ಎಂದಳು ಪಿಸುಮಾತಿನಲ್ಲಿ.

ಆ ದನಿ ಹುಟ್ಟುವ ಜಾಗವನ್ನು ಕೂದಲೆಳೆಯ ಲೆಕ್ಕದಲ್ಲಿ ಮೂವತ್ತೈದು ಸಲ ಹುಡುಕಿದವಳು ಅದನ್ನು ಕೇಳುತ್ತಿದ್ದುದು ಅದೇ ಮೊದಲು.